ಧಾತು, ಸಂಯುಕ್ತ ಮತ್ತು ನನ್ನ ಮರ್ಯಾದೆ

ಕೆಲವರಿಗೆ ಬಸ್ಸು ತಪ್ಪುತ್ತದೆ, ಕೆಲವರಿಗೆ ನಾಯಿ ಕಚ್ಚುತ್ತದೆ, ನನಗೆ ಮರ್ಯಾದೆ ಹೋಗುತ್ತದೆ. ಅದೂ ಮಳೆಗಾಲದಲ್ಲಿ, ಒಂಬತ್ತನೇ ತರಗತಿಗೆ ಒಂದು ಪಾಠ ಮಾಡುವ ಹೊತ್ತಿಗೆ ಸರಿಯಾಗಿ.

ನಾನು ಹೈಸ್ಕೂಲಿನ ವಿಜ್ಞಾನ ಟೀಚರು. ಪಾಠ ಯಾವುದೆಂದರೆ, ನಮ್ಮ ಸುತ್ತಮುತ್ತ ಕಾಣುವ ವಸ್ತುಗಳಲ್ಲಿ ಯಾವುದು ಧಾತು, ಯಾವುದು ಸಂಯುಕ್ತ, ಯಾವುದು ಬರೀ ಮಿಶ್ರಣ, ಮಿಶ್ರಣದಲ್ಲೂ ಯಾವುದು ದ್ರಾವಣ ಎಂದು ವಿಂಗಡಿಸುವುದು. ತಾಮ್ರ ಧಾತು, ನೀರು ಸಂಯುಕ್ತ, ಉಪ್ಪುನೀರು ದ್ರಾವಣ. ಇಷ್ಟೇ. ಇದರಲ್ಲಿ ಮರ್ಯಾದೆ ಹೋಗುವಂಥದ್ದು ಏನುಂಟು ಎಂದು ನೀವು ಕೇಳಬಹುದು. ನನ್ನ ಗಂಡನೂ ಮದುವೆಯಾದ ಹೊಸತರಲ್ಲಿ ಹಾಗೆಯೇ ಕೇಳುತ್ತಿದ್ದರು. ಈಗ ಕೇಳುವುದಿಲ್ಲ. ಮಳೆ ಹಿಡಿಯಿತೆಂದರೆ "ಆ ಪಾಠ ಶುರುವಾಯ್ತಾ?" ಎಂದಷ್ಟೇ ವಿಚಾರಿಸಿ, ಸ್ವಲ್ಪ ದಿನ ನನ್ನೊಟ್ಟಿಗೆ ಪೇಟೆಗೆ ಬರುವುದನ್ನು ಕಡಿಮೆ ಮಾಡುತ್ತಾರೆ.

ಯಾವ ಪೀರಿಯಡ್?

ಪುಂಜಾಲಕಟ್ಟೆಯಿಂದ ಸ್ವಲ್ಪ ಒಳಗಿರುವ ಈಗಿನ ಶಾಲೆಗೆ ನಾನು ವರ್ಗವಾಗಿ ಬಂದ ಹೊಸತು. ಒಂದು ದಿನ ಕನ್ನಡ ಮಾಷ್ಟ್ರು ರಜೆ ಹಾಕಿದರು. ಅವರ ಪೀರಿಯಡ್ ಖಾಲಿ ಬಿಡುವುದು ಬೇಡ ಎಂದು ನಾನೇ ಒಂಬತ್ತನೇ ತರಗತಿಗೆ ಹೋದೆ. ಬೋರ್ಡಿನ ಮೇಲೆ ದೊಡ್ಡದಾಗಿ "ಧಾತು" ಎಂದು ಬರೆದು ತಿರುಗುತ್ತೇನೆ, ಬಾಗಿಲಲ್ಲಿ ಇಲಾಖೆಯ ಸಾಹೇಬರು. ಹೇಳದೆ ಕೇಳದೆ ಬಂದ ತಪಾಸಣೆ.

"ಯಾವ ಸಬ್ಜೆಕ್ಟು ಮೇಡಂ?"

"ವಿಜ್ಞಾನ ಸರ್," ಅಂದೆ, ಸಣ್ಣ ದನಿಯಲ್ಲಿ. ಮಕ್ಕಳಿಗೆ ಅದು ಕೇಳಿಸಲಿಲ್ಲ.

ಸಾಹೇಬರು ಬೋರ್ಡು ನೋಡಿ ಎದುರು ಬೆಂಚಿನ ಹುಡುಗಿಯನ್ನು ಎಬ್ಬಿಸಿದರು. "ಧಾತು ಅಂದರೆ ಏನಮ್ಮ?"

ಅವಳು ಚುರುಕಿನ ಹುಡುಗಿ. ಕನ್ನಡ ಮಾಷ್ಟ್ರು ಆ ವಾರವಿಡೀ ವ್ಯಾಕರಣವನ್ನು ಅರೆದು ಕುಡಿಸಿದ್ದರು. "ಕ್ರಿಯಾಪದದ ಮೂಲರೂಪವೇ ಧಾತು ಸರ್!"

"ಉದಾಹರಣೆ?"

"ಮಾಡು, ಓಡು, ತಿನ್ನು."

ಸಾಹೇಬರ ಬೆನ್ನ ಹಿಂದೆ ನಿಂತು, ಚಿನ್ನ ಎಂದಾದರೂ ಹೇಳಲಿ ಎಂದು ನನ್ನ ಕಿವಿಯ ಓಲೆ ಹಿಡಿದು ತೋರಿಸಿದೆ. ಹುಡುಗಿ ನನ್ನ ಕಿವಿ ನೋಡಿದಳು, ಹೆದರಿದಳು, ಅಳುವ ದನಿಯಲ್ಲಿ "ಹಿಂಡು" ಅಂದಳು.

ಸಾಹೇಬರು ಅವಳನ್ನು ಕೂರಿಸಿ ಇಡೀ ತರಗತಿಗೇ ಕೇಳಿದರು. "ಸರಿ, ಸಂಯುಕ್ತ ಅಂದರೆ?"

ಒಂದೇ ಕೊರಳಿನಲ್ಲಿ ಉತ್ತರ ಬಂತು. "ಸಂಯುಕ್ತಾಕ್ಷರ ಎರಡು ವಿಧ ಸರ್! ಸಜಾತೀಯ, ವಿಜಾತೀಯ! ಅಕ್ಕ, ಅಮ್ಮ ಸಜಾತೀಯ! ಭಕ್ತ, ಸೂರ್ಯ ವಿಜಾತೀಯ!"

"ದ್ರಾವಣ?"

ಕೊನೆಯ ಬೆಂಚಿನಿಂದ ಒಬ್ಬ ಎದ್ದು ನಿಂತು ವಿನಯದಿಂದ ಹೇಳಿದ, "ಅದು ಇನ್ನೂ ಆಗ್ಲಿಲ್ಲ ಸರ್. ಕನ್ನಡ ಮಾಷ್ಟ್ರು ರಜೆಯಲ್ಲಿದ್ದಾರೆ."

ನಾನು ಚಾಕ್‌ಪೀಸನ್ನು ಹಿಡಿದು ಹಿಡಿದು ಪುಡಿ ಮಾಡಿಬಿಟ್ಟಿದ್ದೆ. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಬೈಯಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು, "ವ್ಯಾಕರಣ ಚೆನ್ನಾಗುಂಟು ಮೇಡಂ. ವಿಜ್ಞಾನ ನೋಡಲಿಕ್ಕೆ ಇನ್ನೊಮ್ಮೆ ಬರ್ತೇನೆ. ಯಾವಾಗ ಬರುವುದು ಹೇಳಿ, ಹಿಂದಿ ಪೀರಿಯಡ್ಡಿನಲ್ಲಾ?" ಅಂದರು.

ಕಣ್ಣೆದುರೇ ಕರೆದದ್ದು

ನಮ್ಮ ಮನೆಗೆ ಹಾಲು ಕೊಡುವುದು ಹಿಂಬದಿಯ ಮನೆಯ ಅಕ್ಕ. ನನಗಿಂತ ಸ್ವಲ್ಪ ದೊಡ್ಡವರು, ಎರಡು ದನ ಸಾಕಿದ್ದಾರೆ. ಡೈರಿಯಲ್ಲಿ ಅವರ ಹಾಲೆಂದರೆ ಪರೀಕ್ಷೆಯೇ ಬೇಡ ಎನ್ನುವಷ್ಟು ಹೆಸರು. ಅವರ ಮಗಳು ನನ್ನ ತರಗತಿಯಲ್ಲೇ ಇದ್ದಳು. ಇದನ್ನು ನಾನು ಪಾಠ ಮಾಡುವಾಗ ನೆನಪಿಟ್ಟುಕೊಳ್ಳಬೇಕಿತ್ತು.

ಪಾಠದಲ್ಲಿ ಒಂದು ಮಾತು ಬರುತ್ತದೆ. ಪೇಟೆಯಲ್ಲಿ ಶುದ್ಧ ಎಂದರೆ ಕಲಬೆರಕೆ ಇಲ್ಲದ್ದು. ವಿಜ್ಞಾನದಲ್ಲಿ ಶುದ್ಧ ಎಂದರೆ ಒಂದೇ ಬಗೆಯ ಕಣಗಳಿರುವುದು. ಹಾಲಿನಲ್ಲಿ ನೀರು, ಕೊಬ್ಬು, ಸಕ್ಕರೆ ಎಲ್ಲ ಇರುವುದರಿಂದ ವಿಜ್ಞಾನದ ಲೆಕ್ಕದಲ್ಲಿ ಹಾಲು ಶುದ್ಧ ವಸ್ತುವಲ್ಲ. ಒಬ್ಬ ಕೇಳಿದ, "ಯಾವ ಹಾಲೂ ಅಲ್ವಾ ಟೀಚರ್?" ನಾನು ಉತ್ಸಾಹದಲ್ಲಿ ಹೇಳಿಬಿಟ್ಟೆ, "ಯಾವುದೂ ಅಲ್ಲ. ನಮ್ಮ ಮನೆಗೆ ದಿನಾ ಬರುವ ಹಾಲೂ ಶುದ್ಧ ಅಲ್ಲ."

ಇಡೀ ತರಗತಿ ತಿರುಗಿ ಆ ಹುಡುಗಿಯನ್ನು ನೋಡಿತು.

ಸಂಜೆ ನಾನು ಬಸ್ಸಿಳಿದು ಮನೆಗೆ ಬರುವಾಗ ಅಕ್ಕ ಗೇಟಿನಲ್ಲೇ ನಿಂತಿದ್ದರು. ನಮ್ಮೊಳಗೆ ಮಾತು ಯಾವತ್ತೂ ತುಳುವಿನಲ್ಲೇ. ಅವತ್ತು ಅವರು ಕನ್ನಡದಲ್ಲಿ ಶುರು ಮಾಡಿದರು. ಆಗಲೇ ನನಗೆ ಗೊತ್ತಾಯಿತು, ಸಂಗತಿ ದೊಡ್ಡದು ಅಂತ.

"ಟೀಚರೇ, ನಮ್ಮ ಹಾಲು ಶುದ್ಧ ಅಲ್ಲ ಅಂತ ಹೇಳಿದಿರಂತೆ. ಕ್ಲಾಸಿನಲ್ಲಿ. ಎಲ್ಲರ ಎದುರು."

"ಅಕ್ಕಾ, ಅದು ಹಾಗಲ್ಲ. ವಿಜ್ಞಾನದ ಪ್ರಕಾರ ಹೇಳಿದ್ದು. ಹಾಲಲ್ಲಿ ನೀರು ಇರ್ತದೆ, ಮತ್ತೆ..."

"ನೀರು ಅಂದ್ರಲ್ಲ!"

"ಅಯ್ಯೋ, ನೀವು ಹಾಕಿದ್ದಲ್ಲ ಅಕ್ಕಾ! ಅದು ಮೊದಲೇ ಇರುವುದು!"

"ಮೊದಲೇ ಅಂದರೆ? ಪಾತ್ರೆಯಲ್ಲಾ?"

ದಾರಿಯಲ್ಲಿ ಹೋಗುವವರು ನಿಂತರು. ಪಕ್ಕದ ಮನೆಯ ಹಾಜಿಯವರ ಹೆಂಡತಿ ಕಿಟಕಿಗೆ ಬಂದರು. ನಾನು ಬಿಡಿಸಿ ಹೇಳಿದಷ್ಟೂ ಹಾಲಿನಲ್ಲಿ ನೀರು ಜಾಸ್ತಿಯಾಗುತ್ತಾ ಹೋಯಿತು. ಕೊನೆಗೆ ಅಕ್ಕ ತಿರುಗಿ ಹೊರಟೇ ಹೋದರು. ಆ ಹೆಂಗಸು ಚಳಿ, ಮಳೆ ಎನ್ನದೆ ದುಡಿದು ಗಳಿಸಿದ ಹೆಸರಿಗೆ ನಾನು ಸುಮ್ಮನೆ ಕುಳಿತಲ್ಲಿಂದ ಮಸಿ ಬಳಿದಿದ್ದೆ.

ಮರುದಿನ ಬೆಳಿಗ್ಗೆ ಗಂಟೆಯ ಸದ್ದು. ನೋಡಿದರೆ ಅಕ್ಕ ದನವನ್ನೇ ಹಗ್ಗ ಹಿಡಿದು ನಮ್ಮ ಅಂಗಳಕ್ಕೆ ತಂದಿದ್ದಾರೆ. ಕರು ಹಿಂದೆ. ಹಾಜಿಯವರ ಹೆಂಡತಿಯನ್ನೂ ಸಾಕ್ಷಿಗೆ ಕರೆದಿದ್ದರು. ಚೆಂಬನ್ನು ನನ್ನ ಕೈಗೆ ಕೊಟ್ಟು, ಬೋರಲು ಮಾಡಿ ತೋರಿಸಿ, ನನ್ನ ಮೆಟ್ಟಿಲ ಬುಡದಲ್ಲೇ ಕೂತು ಚುರ್‌ಚುರ್ ಎಂದು ಕರೆದರು. ನೊರೆ ತುಂಬಿದ ಚೆಂಬನ್ನು ನನ್ನ ಮುಂದಿಟ್ಟು ಎದ್ದು ನಿಂತು ಹೇಳಿದರು:

"ಈಗ ನಿಮ್ಮ ಕಣ್ಣೆದುರೇ ಕರೆದದ್ದು. ಇನ್ನೂ ನೀರು ಉಂಟು ಅಂತಾದರೆ ನನ್ನಲ್ಲಿ ಕೇಳಬೇಡಿ. ಇಗೊಳ್ಳಿ ದನ, ಇದರ ಹತ್ರವೇ ಕೇಳಿ."

ಬಾಯಿ ಮುಚ್ಚಿದ್ದರಿಂದ ಆದದ್ದು

ಆ ಮೇಲೆ ನಾನು ಶಪಥ ಮಾಡಿದೆ. ಶಾಲೆಯ ಗೇಟಿನಿಂದ ಹೊರಗೆ ಶುದ್ಧ, ಅಶುದ್ಧ ಎಂದು ಬಾಯಿ ತೆರೆಯುವುದಿಲ್ಲ ಅಂತ.

ನನ್ನ ತವರು ಬೆಳುವಾಯಿ. ಅಣ್ಣನ ಮಗಳಿಗೆ ಮದುವೆ ನಿಶ್ಚಯವಾಗಿ, ಮೂಡುಬಿದಿರೆಯ ಪೇಟೆಗೆ ಬಂಗಾರಕ್ಕೆ ಹೋಗುವುದೆಂದಾಯಿತು. ಹುಡುಗನ ತಾಯಿಯೂ ಬಂದಿದ್ದರು. ಗಟ್ಟಿ ಹೆಂಗಸು, ಮಾತು ಕಡಿಮೆ. ಮಗ ಗಲ್ಫಿನಲ್ಲಿ. "ನೀನೊಬ್ಬಳು ಜೊತೆಗಿರು, ಓದಿದವಳು ಇದ್ದರೆ ಒಂದು ಗೌರವ," ಎಂದು ಅಣ್ಣ ನನ್ನನ್ನು ಕರೆದುಕೊಂಡು ಹೋದ.

ಎಲ್ಲ ಚೆನ್ನಾಗಿಯೇ ನಡೆಯುತ್ತಿತ್ತು. ಹುಡುಗನ ತಾಯಿ ಒಂದು ಸರವನ್ನು ಕೈಯಲ್ಲಿ ತೂಗಿ, "ಇದು ಪ್ಯೂರ್ ಅಲ್ವಾ?" ಎಂದು ಕೇಳಿದರು.

ಅಂಗಡಿಯ ಧಣಿ ನಮ್ಮ ಮನೆಯವರಿಗೆ ಹಿಂದಿನಿಂದ ಪರಿಚಯ. ನಗುತ್ತಾ ಅಂದರು, "ನಮ್ಮಲ್ಲಿ ಬೇರೆ ಉಂಟಾ ಅಮ್ಮ? ಬೇಕಾದರೆ ಟೀಚರಲ್ಲೇ ಕೇಳಿ. ಅವರು ಸಾಯನ್ಸು."

ಎಲ್ಲರೂ ನನ್ನ ಕಡೆ ತಿರುಗಿದರು. ಒಡವೆಯ ಚಿನ್ನದಲ್ಲಿ ಯಾವಾಗಲೂ ಒಂದಿಷ್ಟು ತಾಮ್ರವೋ ಬೆಳ್ಳಿಯೋ ಇರುತ್ತದೆ. ಇಲ್ಲದಿದ್ದರೆ ಮೆತ್ತಗಾಗಿ ಒಡವೆಯೇ ನಿಲ್ಲುವುದಿಲ್ಲ. ಪಾಠದ ಲೆಕ್ಕದಲ್ಲಿ ಅದು ಧಾತುವಲ್ಲ, ಘನ ದ್ರಾವಣ. ಹೌದು ಎಂದರೆ ಸುಳ್ಳು, ಅಲ್ಲ ಎಂದರೆ ಮೊನ್ನೆಯ ದನ. ನಾನು ತುಟಿ ಬಿಗಿದು ಫ್ಯಾನ್ ನೋಡಿದೆ.

"ಎಂತ ಟೀಚರ್, ಮಾತಾಡುವುದಿಲ್ಲ?" ಧಣಿ ಇನ್ನೂ ನಗುತ್ತಿದ್ದರು.

"ಇಲ್ಲ, ನಾನು ಏನೂ ಹೇಳುವುದಿಲ್ಲ."

ಧಣಿಯ ನಗು ನಿಂತಿತು. "ಯಾಕೆ?"

"ಹೇಳದೇ ಇರುವುದೇ ಒಳ್ಳೆಯದು."

ಹುಡುಗನ ತಾಯಿ ಸರವನ್ನು ಮೆಲ್ಲ ಟ್ರೇಗೆ ಇಟ್ಟರು. ಪಕ್ಕದ ಕೌಂಟರಿನಲ್ಲಿ ಬಳೆ ಹಾಕಿ ನೋಡುತ್ತಿದ್ದವರು ಬಳೆ ಬಿಚ್ಚಿದರು. ಅಣ್ಣ ಹಲ್ಲು ಕಚ್ಚಿ, "ಎಂತ ಉಂಟು, ಹೇಳಿ ಸಾಯಿ ಮಾರಾಯ್ತಿ!" ಅಂದ. ಗಾಬರಿಯಲ್ಲಿ ನನ್ನ ಬಾಯಿಂದ ಬಂದದ್ದು ಎರಡೇ ಪದ. "ತಾಮ್ರ ಉಂಟು."

ಆ ಮೇಲಿನ ಗದ್ದಲವನ್ನು ವಿವರಿಸುವ ಧೈರ್ಯ ನನಗಿಲ್ಲ. ಧಣಿ ಮುದ್ರೆ ತೋರಿಸಿ, ಭೂತಗನ್ನಡಿ ತಂದು, ಇಪ್ಪತ್ತೆರಡು ಕ್ಯಾರೆಟ್ ಎಂದರೇನು ಎಂದು ಅಂಗಡಿಯಲ್ಲಿದ್ದ ಪ್ರತಿಯೊಬ್ಬರಿಗೂ ಬಿಡಿಸಿ ಹೇಳಿ ಸಮಾಧಾನ ಮಾಡುವಷ್ಟರಲ್ಲಿ ಅವರ ಅಂಗಿ ಬೆವರಿನಲ್ಲಿ ಒದ್ದೆಯಾಗಿತ್ತು. ನಾನು ಹೊರಗೆ ಕಾರಿನಲ್ಲಿ ಸೆರಗು ಮುಖಕ್ಕೆ ಮುಚ್ಚಿ ಕೂತಿದ್ದೆ. ಒಂದು ಹುಡುಗಿಯ ಮದುವೆ ನನ್ನ ತುಟಿಯಲ್ಲಿ ನಿಂತು ಮುರಿಯುವುದರಲ್ಲಿತ್ತು.

ದೇವರು ದೊಡ್ಡವನು, ಮದುವೆ ಆಯಿತು. ನಾನು ಹಾಲ್‌ನಲ್ಲಿ ಕಂಬದ ಮರೆಯಲ್ಲೇ ಕೂತಿದ್ದೆ. ಮಾತು ಕಡಿಮೆಯ ಆ ಬೀಗಿತ್ತಿ ನನ್ನನ್ನು ಹುಡುಕಿಕೊಂಡು ಬಂದು, ಕೈ ಹಿಡಿದು, ಕಿವಿಯಲ್ಲಿ ಹೇಳಿದರು: "ಟೀಚರ್, ಹೆದರಬೇಡಿ, ಧೈರ್ಯವಾಗಿ ಎದುರು ಬನ್ನಿ. ಮದುಮಗ ಪ್ಯೂರಾ ಅಂತ ಯಾರೂ ನಿಮ್ಮಲ್ಲಿ ಕೇಳದ ಹಾಗೆ ನೋಡಿಕೊಂಡಿದ್ದೇನೆ."

ಸೌಟು ಎಲ್ಲಿ ಹಾಕಿದರೂ

ಇದು ಸಣ್ಣದು. ಕಿರುಪರೀಕ್ಷೆಯಲ್ಲಿ "ಸಮರೂಪದ ಮಿಶ್ರಣಕ್ಕೆ ಒಂದು ಉದಾಹರಣೆ ಕೊಟ್ಟು ಕಾರಣ ಬರೆಯಿರಿ" ಎಂದು ಕೇಳಿದ್ದೆ. ಎಲ್ಲ ಭಾಗದಲ್ಲೂ ಒಂದೇ ಥರ ಇರುವುದು ಎಂದರ್ಥ. ಒಬ್ಬ ಬರೆದಿದ್ದ: "ನಮ್ಮ ಶಾಲೆಯ ಸಾಂಬಾರು. ಕಾರಣ, ಸೌಟು ಎಲ್ಲಿ ಹಾಕಿದರೂ ತರಕಾರಿ ಸಿಗುವುದಿಲ್ಲ."

ನಾನು ಪೂರ್ತಿ ಅಂಕ ಕೊಟ್ಟೆ. ಕೊಟ್ಟು ಸುಮ್ಮನಿದ್ದರೆ ಆಗುತ್ತಿತ್ತು. ಸ್ಟಾಫ್ ರೂಮಿನಲ್ಲಿ ಎದ್ದು ನಿಂತು, ಅಭಿನಯ ಸಮೇತ, ಗಾಳಿಯಲ್ಲಿ ಸೌಟು ತಿರುಗಿಸುತ್ತಾ ಓದಿ ಹೇಳಿದೆ. ಹೆಡ್‌ಮಾಷ್ಟ್ರು ಒಬ್ಬರು ನಗಲಿಲ್ಲ. ನನ್ನ ಹಿಂದೆ ನೋಡುತ್ತಿದ್ದರು. ಬಾಗಿಲಲ್ಲಿ ಅಡುಗೆಯ ಅಕ್ಕ ಚಹಾದ ಲೋಟಗಳನ್ನು ಹಿಡಿದು ನಿಂತಿದ್ದರು.

ಅವರು ಎಲ್ಲರಿಗೂ ಚಹಾ ಕೊಟ್ಟರು. ನನಗೂ ಕೊಟ್ಟರು. ಅಷ್ಟು ಮಕ್ಕಳಿಗೆ ಆ ಒಂದು ಬುಟ್ಟಿ ತರಕಾರಿಯಲ್ಲಿ ಅವರಾದರೂ ಏನು ಮಾಡಬೇಕು?

ಮರುದಿನ ಮಧ್ಯಾಹ್ನ ನನ್ನ ತಟ್ಟೆಗೆ ಅನ್ನ ಬಿತ್ತು. ಅದರ ಮೇಲೆ ಸೌತೆಕಾಯಿ ಹೋಳು, ಮತ್ತೆ ಹೋಳು, ಮತ್ತೂ ಹೋಳು. ಅನ್ನ ಕಾಣದ ಹಾಗೆ ಗುಡ್ಡೆ. ಅಕ್ಕ ಸೌಟು ಕುಟ್ಟಿ ಮಕ್ಕಳ ಎದುರೇ ಕೇಳಿದರು, "ಇದಕ್ಕೆ ಎಷ್ಟು ಮಾರ್ಕು ಟೀಚರ್?"

ಪ್ರಥಮ ಬಹುಮಾನ

ಇದನ್ನು ನಾನು ಹೆಚ್ಚು ಜನರಿಗೆ ಹೇಳಿಲ್ಲ. ಹೇಳುವಾಗ ಇವತ್ತಿಗೂ ತಲೆ ತಗ್ಗುತ್ತದೆ.

ಆಗ ನಾನು ಅಳದಂಗಡಿ ಕಡೆಯ ಒಂದು ಶಾಲೆಯಲ್ಲಿದ್ದೆ. ಪ್ರತಿಯೊಬ್ಬರೂ ಮನೆಯಲ್ಲಿ ಬೆಲ್ಲದ ದ್ರಾವಣ ಮಾಡಿ ಸಣ್ಣ ಬಾಟಲಿಯಲ್ಲಿ ತರಬೇಕು, ಬಟ್ಟೆಯಲ್ಲಿ ಚೆನ್ನಾಗಿ ಸೋಸಿರಬೇಕು, ತಳದಲ್ಲಿ ಏನೂ ಕೂರಬಾರದು, ಬೆಳಕು ದಾಟಬೇಕು, ಯಾರದ್ದು ಚೆನ್ನಾಗಿದೆಯೋ ಅವರಿಗೆ ಬಹುಮಾನ ಎಂದಿದ್ದೆ.

ಮರುದಿನ ಮೇಜಿನ ಮೇಲೆ ಸಾಲಾಗಿ ಬಾಟಲಿಗಳು. ಹೆಚ್ಚಿನವು ಕೆಸರುನೀರು. ಕೆಲವುಗಳಲ್ಲಿ ಕಸ, ಒಂದರಲ್ಲಿ ಇರುವೆ. ನಡುವೆ ಒಂದೇ ಒಂದು, ಟಾನಿಕ್ಕಿನ ಹಳೆಯ ಬಾಟಲಿಯಲ್ಲಿ, ತಿಳಿಯಾಗಿ, ಹೊಂಬಣ್ಣದಲ್ಲಿ ಹೊಳೆಯುತ್ತಿತ್ತು. ಮಾತು ಕಡಿಮೆಯ, ಯಾವತ್ತೂ ಹಿಂದೆಯೇ ಕೂರುವ ಒಬ್ಬ ಹುಡುಗಿಯದ್ದು. ನನಗೆ ಕಣ್ಣು ತುಂಬಿ ಬಂತು.

ಬಾಟಲಿಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದೆ. "ನೋಡಿ ಮಕ್ಕಳೇ! ದ್ರಾವಣ ಅಂದರೆ ಇದು!" ಕುಲುಕಿದೆ, ಏನೂ ಕದಡಲಿಲ್ಲ. ಮುಚ್ಚಳ ತೆಗೆದು, ವಾಸನೆ ನೋಡುವ ಕ್ರಮವನ್ನೂ ತೋರಿಸಿದೆ. ಮೂಗು ತಾಗಿಸಬಾರದು, ಕೈಯಿಂದ ಗಾಳಿಯನ್ನು ಮೆಲ್ಲ ಮೂಗಿನ ಕಡೆ ಬೀಸಿಕೊಳ್ಳಬೇಕು. ಬೀಸಿಕೊಂಡೆ.

"ಸ್ವಲ್ಪ ಹಳೇ ಬೆಲ್ಲ, ಅಲ್ವಾ ಮಗಾ?"

"ಹೌದು ಟೀಚರ್, ಕರಿ ಬೆಲ್ಲ."

"ಅದಕ್ಕೇ."

ಬಾಟಲಿ ಬೆಂಚಿನಿಂದ ಬೆಂಚಿಗೆ ಹೋಯಿತು. ಪುಣ್ಯಕ್ಕೆ, ಪ್ರಯೋಗಶಾಲೆಯ ವಸ್ತುವನ್ನು ಯಾರೂ ನಾಲಿಗೆಗೆ ಮುಟ್ಟಿಸಬಾರದು ಎಂದು ಮೊದಲ ದಿನವೇ ಗಟ್ಟಿಯಾಗಿ ಹೇಳಿದ್ದೆ. ಆ ದಾರಿಯಾಗಿ ಬಂದ ಹೆಡ್‌ಮಾಷ್ಟ್ರ ಕೈಗೂ ಕೊಟ್ಟೆ. ಅವರೂ ಬೆಳಕಿಗೆ ಹಿಡಿದು, ಮೂಗಿನ ಹತ್ತಿರ ತಂದು, "ಭಾರೀ ಚೆಂದ ಉಂಟು" ಎಂದರು. ಮರುದಿನ ಪ್ರಾರ್ಥನೆಯಲ್ಲಿ ಹುಡುಗಿಗೆ ಪ್ರಥಮ ಬಹುಮಾನವೆಂದು ಒಂದು ಪೆನ್ನು, ಚಪ್ಪಾಳೆ. ಬಾಟಲಿಗೆ "ಉತ್ತಮ ದ್ರಾವಣ" ಎಂಬ ಚೀಟಿ ಅಂಟಿಸಿ ಗಾಜಿನ ಕಪಾಟಿನಲ್ಲಿಟ್ಟೆವು.

ಸ್ವಲ್ಪ ದಿನ ಕಳೆದು ಒಬ್ಬರು ಅಜ್ಜ ಕೊಡೆ ಹಿಡಿದುಕೊಂಡು ಶಾಲೆಗೆ ಬಂದರು. ಆ ಹುಡುಗಿಯ ಅಜ್ಜ. ನಾನೂ ಹೆಡ್‌ಮಾಷ್ಟ್ರೂ ಪ್ರಯೋಗಶಾಲೆಯಲ್ಲೇ ಇದ್ದೆವು. ಮೊಮ್ಮಗಳ ಬಹುಮಾನದ ಖುಷಿಗೆ ಬಂದಿರಬೇಕು ಎಂದುಕೊಂಡು ನಾನೇ ಕುರ್ಚಿ ಎಳೆದು ಕೂರಿಸಿದೆ. ಕಪಾಟನ್ನು ತೋರಿಸಿ, "ನೋಡಿ ಅಜ್ಜ, ಅದೇ" ಅಂದೆ.

ಅಜ್ಜ ಅದನ್ನು ಸ್ವಲ್ಪ ಹೊತ್ತು ನೋಡಿದರು. "ಹೌದು. ಅದೇ," ಅಂದರು. "ಅದು ನನ್ನದು ಟೀಚರೇ."

"ನೀವು ಮಾಡಿಕೊಟ್ಟದ್ದಾ?"

"ನಾನೇ ಮಾಡಿದ್ದು. ಕೊಟ್ಟದ್ದು ನಿಮಗಲ್ಲ. ಬೆಳ್ತಂಗಡಿಯ ಲ್ಯಾಬಿಗೆ."

ನನಗೆ ಅರ್ಥವಾಗಲಿಲ್ಲ. ಅವರು ನಿಧಾನಕ್ಕೆ, ಯಾರ ಮೇಲೂ ಸಿಟ್ಟಿಲ್ಲದೆ ಹೇಳಿದರು. ಕಾಲು ಊದಿತ್ತು ಎಂದು ಡಾಕ್ಟರು ಮೂತ್ರ ಪರೀಕ್ಷೆಗೆ ಬರೆದಿದ್ದರಂತೆ. ಸೊಸೆ ಒಂದೇ ನಮೂನೆಯ ಎರಡು ಟಾನಿಕ್ ಬಾಟಲಿ ತೊಳೆದು, ಒಂದನ್ನು ಮಾವನಿಗೂ ಒಂದನ್ನು ಮಗಳಿಗೂ ಕೊಟ್ಟಿದ್ದಳಂತೆ. ಬೆಳಿಗ್ಗೆ ಎರಡೂ ಜಗಲಿಯ ಕಟ್ಟೆಯಲ್ಲಿ ಅಕ್ಕಪಕ್ಕ. ಮಗ ಸ್ಕೂಟರಿನಲ್ಲಿ ಒಂದನ್ನು ಒಯ್ದ, ಮೊಮ್ಮಗಳು ಇನ್ನೊಂದನ್ನು ಚೀಲಕ್ಕೆ ಹಾಕಿಕೊಂಡಳು.

"ಲ್ಯಾಬಿನವ ಹೆದರಿಯೇ ಹೋದ ಟೀಚರೇ. ಇಷ್ಟು ಸಕ್ಕರೆ ಜನ್ಮದಲ್ಲಿ ನೋಡಲಿಲ್ಲ ಅಂದನಂತೆ. ಮೇಜಿಗೆ ಇರುವೆ ಸಾಲು ಕಟ್ಟಿ ಬಂದಿತ್ತಂತೆ. ಮನೆಯಲ್ಲಿ ನನಗೆ ಬಾಳೆಹಣ್ಣಿಲ್ಲ, ಬೆಲ್ಲ ಇಲ್ಲ, ಚಹಾಕ್ಕೆ ಸಕ್ಕರೆ ಇಲ್ಲ. ಪಕ್ಕದ ಮನೆಯ ಮದುವೆಯಲ್ಲಿ ಪಾಯಸ ಬರುವಾಗ ಸೊಸೆ ನನ್ನ ಎಲೆಗೆ ಕೈ ಅಡ್ಡ ಹಿಡಿದಳು. ಮಗ ಆಚೆ ಹೋಗಿ ಕಣ್ಣೊರೆಸಿಕೊಂಡ. ನಾನೂ ಇನ್ನು ಹೆಚ್ಚು ದಿನ ಇಲ್ಲ ಅಂತ ಗ್ರಹಿಸಿ ಮಲಗಿದೆ. ಮತ್ತೆ ರಕ್ತ ನೋಡಿದರೆ ಏನೂ ಇಲ್ಲ! ಡಾಕ್ಟರು ಕೇಳಿದರು, ಮೊದಲು ಕೊಟ್ಟದ್ದು ಮನುಷ್ಯನದ್ದಾ, ಕಬ್ಬಿನದ್ದಾ ಅಂತ. ಆಗ ಸೊಸೆಗೆ ಬಾಟಲಿ ನೆನಪಾಯ್ತು."

ನನ್ನ ಹಿಂದೆ ನಲ್ಲಿ ಬಿಡುವ ಸದ್ದು ಕೇಳಿತು. ಹೆಡ್‌ಮಾಷ್ಟ್ರು ಕೈ ತೊಳೆಯುತ್ತಿದ್ದರು. ಸೋಪು ಹಾಕಿ ತೊಳೆದರು. ಮತ್ತೊಮ್ಮೆ ತೊಳೆದರು. ಆಮೇಲೆ ಮೂಗನ್ನೂ ತೊಳೆದರು.

ನನಗೆ "ಹಳೇ ಬೆಲ್ಲ" ಎಂದದ್ದು ನೆನಪಾಯಿತು. ಉಪ್ಪು ನೀರಿನಲ್ಲಿ ಕರಗುವ ಹಾಗೆ ಅಲ್ಲೇ ಕರಗಿ ಹೋಗಬಾರದೇ ಅನಿಸಿತು. ಎರಡೂ ಕೈ ಜೋಡಿಸಿ, "ಅಜ್ಜ, ದೊಡ್ಡ ತಪ್ಪಾಯ್ತು. ನನ್ನಿಂದಾಗಿ ನೀವು ಎಷ್ಟು ಸಂಕಟಪಟ್ಟಿರಿ," ಅಂದೆ.

ಅಜ್ಜ ಕೊಡೆಯೂರಿ ಎದ್ದು ನಿಂತರು. ಕಪಾಟಿನ ಹತ್ತಿರ ಹೋಗಿ ಆ ಚೀಟಿಯನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದರು.

"ಇರಲಿ ಬಿಡಿ ಟೀಚರೇ. ಸಣ್ಣವನಿರುವಾಗ ನಾನೂ ನಾಲ್ಕು ವರ್ಷ ಶಾಲೆಗೆ ಹೋಗಿದ್ದೇನೆ. ಓಟದಲ್ಲಿ ಇಲ್ಲ, ಹಾಡಿನಲ್ಲಿ ಇಲ್ಲ, ಒಂದು ದಿನ ಒಂದು ಬಹುಮಾನ ಬಂದದ್ದಿಲ್ಲ. ಈ ಪ್ರಾಯದಲ್ಲಿ ಬಂತು, ಅದೂ ಫಸ್ಟ್!" ಎಂದು ನನ್ನ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದರು: "ಆದರೆ ಎಂತಕ್ಕೆ ಬಂತು ಅಂತ ನಾನು ಊರಲ್ಲಿ ಹೇಗೆ ಹೇಳುವುದು?"